ಕೋಲು ಮುರಿದದ್ದು ಯಾರ ಕೈಯಲ್ಲಿ?

ನಮ್ಮ ಕೇರಿಯ ಹುಡುಗನೊಬ್ಬ ಕಳೆದ ಬೇಸಿಗೆಯಲ್ಲಿ ಪಟ್ಟಣದಿಂದ ಒಂದು ಗಾಳದ ಕೋಲು ತಂದ. ಬಿದಿರಿನದಲ್ಲ, ಕಾರ್ಬನ್ನಿನದು. ಕರ್ರಗೆ ಮಿಂಚುವ, ತೂಕವೇ ಇಲ್ಲದ, ಎರಡು ತುಂಡು ಸೇರಿಸಿ ಉದ್ದ ಮಾಡಿಕೊಳ್ಳುವ ಕೋಲು. ಬೆಲೆ 1,800 ರೂಪಾಯಿ. ಅಂದರೆ ಅವನಿಗೆ ಮೂರು ದಿನದ ಗಾರೆ ಕೆಲಸದ ಕೂಲಿ. ಕೆರೆ ಏರಿಯ ಮೇಲೆ ಎರಡು ಸಂಜೆ ಎಲ್ಲರ ಕೈಗೂ ಕೊಟ್ಟು ಹಿಡಿಸಿ ನೋಡಿದ. ಮೂರನೇ ಸಂಜೆ ಒಂದು ಕಾಟ್ಲಾ ಬಿತ್ತು. ಎತ್ತುವಾಗ ಕೋಲು ನಡುವಿಗಿಂತ ಒಂದು ಗೇಣು ಮೇಲೆ ಟಪ್ಪೆಂದು ಮುರಿಯಿತು. ಮೀನೂ ಹೋಯಿತು.

ಮಾರನೆಯ ದಿನ ತುಂಡುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದ. ಅಂಗಡಿಯವನು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. 'ಕೋಲಲ್ಲಿ ಮೀನು ಎತ್ತಿದ್ದೀಯ. ಕಂಪನಿ ಮಾಲಿಗೆ ಏನೂ ಆಗಿಲ್ಲ, ನಿನ್ನ ಕೈ ಸರಿಯಿಲ್ಲ' ಅಂದ. 'ಕೋಲಲ್ಲಿ ಮೀನು ಎತ್ತದೆ ಇನ್ನೇನು ಮಾಡ್ತಾರೆ ಸಾ?' ಎಂದು ಇವನು ಕೇಳಿದ್ದಕ್ಕೆ ಅಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ನಕ್ಕರಂತೆ.

ನಮ್ಮ ಹತ್ತಿರ ಬಂದಾಗ ಹುಡುಗ ದುಡ್ಡಿನ ಮಾತೇ ಎತ್ತಲಿಲ್ಲ. 'ನನ್ನ ಕೈ ಸರಿಯಿಲ್ವಂತೆ ಸಾ' ಅಂದ. ದಿನಕ್ಕೆ ನೂರಾರು ಇಟ್ಟಿಗೆಯನ್ನು ಒಂದೂ ಒಡೆಯದ ಹಾಗೆ ಮೇಲಿನ ಮಾಳಿಗೆಗೆ ಎಸೆಯುವ ಕೈ ಅದು.

ಇದನ್ನು ಬರೆಯುತ್ತೇವೆ ಎಂದಾಗ ಗೆಳೆಯರಲ್ಲಿ ಕೆಲವರು ನಕ್ಕರು. ಭೂಮಿಯ ಪ್ರಶ್ನೆ ಇದೆ, ಹಾಸ್ಟೆಲ್ಲಿನ ಪ್ರಶ್ನೆ ಇದೆ, ಗಾಳದ ಕೋಲು ಮುರಿದರೆ ಅದೂ ಒಂದು ಪ್ರಶ್ನೆಯೇನ್ರಯ್ಯಾ ಅಂದರು. ನಮಗೆ ಪ್ರಶ್ನೆ ಅನ್ನಿಸಿತು. ಒಂದು ವಸ್ತು ಮುರಿದಾಗ ತಪ್ಪು ಮಾಡಿದವನದೋ ಬಳಸಿದವನದೋ ಎಂದು ತೀರ್ಮಾನಿಸುವ ಅಧಿಕಾರ ಯಾರಿಗಿದೆ? ಆ ಅಧಿಕಾರ ಇದ್ದವರು ಇದುವರೆಗೆ ಹೇಗೆ ತೀರ್ಮಾನಿಸುತ್ತ ಬಂದಿದ್ದಾರೆ? ಕೋಲಿನ ನೆಪದಲ್ಲಿ ಇದನ್ನು ಕೇಳಬಹುದು.

ಮೊದಲು ಅಂಗಡಿಯವನಿಗೆ ನ್ಯಾಯ ಸಲ್ಲಿಸೋಣ. ಅವನ ಮಾತು ಪೂರ್ತಿ ಸುಳ್ಳಲ್ಲ. ಕಾರ್ಬನ್ ನಾರಿನ ತೆಳು ಹಾಳೆಗೆ ರೆಸಿನ್ ಎಂಬ ಅಂಟು ಹತ್ತಿಸಿ, ಅಳತೆಗೆ ಕತ್ತರಿಸಿ, ಮೊನೆ ಸಣ್ಣದಾದ ಒಂದು ಉಕ್ಕಿನ ಸರಳಿಗೆ ಬೀಡಿ ಸುತ್ತಿದ ಹಾಗೆ ಸುತ್ತುತ್ತಾರೆ. ಮೇಲೆ ಟೇಪು ಬಿಗಿದು ಒಲೆಯಲ್ಲಿ ಬೇಯಿಸಿ ಸರಳನ್ನು ಎಳೆದುಬಿಡುತ್ತಾರೆ. ಉಳಿಯುವುದು ಒಳಗೆ ಪೊಳ್ಳಾದ ಒಂದು ಕೊಳವೆ. ಗ್ಲಾಸ್ ಫೈಬರಿನ ಕೋಲು ಇದಕ್ಕಿಂತ ಭಾರ, ಆದರೆ ಒರಟು ಕೈಗೂ ಬಾಗುತ್ತದೆ, ಬಡಿದರೂ ತಾಳುತ್ತದೆ. ಕಾರ್ಬನ್ ಹಗುರ, ಬಿರುಸು, ಸೂಕ್ಷ್ಮ. ಸೀಸದ ಗುಂಡು ಒಂದು ಸಲ ಟಣ್ಣನೆ ಬಡಿದು ಮೇಲೆ ಕಾಣದಷ್ಟು ಸಣ್ಣ ಗಾಯವಾಗಿದ್ದರೂ ಸಾಕು. ಅದು ಅವತ್ತು ಮುರಿಯುವುದಿಲ್ಲ. ಹದಿನೈದು ದಿನ ಬಿಟ್ಟು, ಇನ್ಯಾವುದೋ ಮೀನು ಎಳೆದಾಗ ಅದೇ ಜಾಗದಲ್ಲಿ ಮುರಿಯುತ್ತದೆ. ಕೋಲನ್ನು ತೀರ ನೆಟ್ಟಗೆ ಹಿಂದಕ್ಕೆ ಎತ್ತಿದರೆ ಭಾರವೆಲ್ಲ ದಪ್ಪ ಬುಡಕ್ಕೆ ಬರುವ ಬದಲು ತೆಳು ತುದಿಯ ಮೇಲೆ ಬೀಳುತ್ತದೆ. ಎರಡು ತುಂಡು ಸೇರುವ ಕಡೆ ಸರಿಯಾಗಿ ಕೂರಿಸದಿದ್ದರೆ ಅಲ್ಲಿ ಸೀಳುತ್ತದೆ. ಸುತ್ತುವಾಗ ಕಾರ್ಖಾನೆಯಲ್ಲೇ ಒಂದು ಪದರ ಕೆಟ್ಟು ಕೂತಿದ್ದರೂ ಅದೇ ಟಪ್ಪೆನ್ನುವ ಸದ್ದು. ಸದ್ದು ಕೇಳಿ ಯಾರ ತಪ್ಪೆಂದು ಹೇಳಲು ಬರುವುದಿಲ್ಲ.

ಕಂಪನಿಗಳ ಲೆಕ್ಕಾಚಾರವೂ ಗೊತ್ತಿರಲಿ. ಸಾಮಾನ್ಯವಾಗಿ ವಾರಂಟಿ ಚೀಟಿಯಲ್ಲಿ ಬರೆದಿರುವುದು 'ತಯಾರಿಕೆಯ ದೋಷಕ್ಕೆ ಮಾತ್ರ'. ದುಬಾರಿ ಕೋಲು ಮಾರುವ ಕೆಲವರು ಹೇಗೆ ಮುರಿದರೂ ಬದಲಾಯಿಸಿ ಕೊಡುತ್ತಾರೆ. ಅದು ಧರ್ಮವಲ್ಲ, ಮುಂದೆ ಮುರಿಯುವ ಕೋಲಿನ ಬೆಲೆಯನ್ನು ಮೊದಲೇ ಈಗಿನ ಕೋಲಿನ ಬೆಲೆಗೆ ಸೇರಿಸಿರುತ್ತಾರೆ. ಒಂದು ಲೆಕ್ಕದಲ್ಲಿ ಇದು ಶ್ರೀಮಂತರ ಆಯ. ಜೋಪಾನ ಮಾಡುವವನು ಜೋಪಾನ ಮಾಡದವನ ಪಾಲನ್ನೂ ಕೊಟ್ಟಿರುತ್ತಾನೆ. ಬಡವನ ಕೋಲಿಗೆ ಆ ಸೌಕರ್ಯವಿಲ್ಲ. ಹೊಣೆಯನ್ನೂ ಅಂಗಡಿಯಲ್ಲಿ ಕೊಳ್ಳಬೇಕು, ದುಡ್ಡಿದ್ದವನಿಗೆ ಅದು ಸಿಗುತ್ತದೆ.

ಈಗ 'ಕೋಲಲ್ಲಿ ಮೀನು ಎತ್ತಬಾರದು' ಎನ್ನುವ ನಿಯಮ. ಇದು ಎಲ್ಲಿಂದ ಬಂತು? 1873ರಲ್ಲೇ ಮದ್ರಾಸ್ ಸರ್ಕಾರದ ಇಂಗ್ಲಿಷ್ ಅಧಿಕಾರಿಯೊಬ್ಬ, ಎಚ್. ಎಸ್. ಥಾಮಸ್, 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬರೆದ. ನಮ್ಮ ನದಿಗಳು ಅಂದಿನಿಂದ ದೊರೆಗಳ ಗಾಳದ ಆಟದ ಬಯಲು. ನಮ್ಮವರು ಬಿಳಿಮೀನು ಅನ್ನುವ ಮಹಸೀರನ್ನು ಹಿಡಿಯುವುದು ಆ ಆಟದ ಕಿರೀಟ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡಿನದನ್ನು ಹಿಡಿದರು. ಆ ಆಟದಲ್ಲಿ ದೊರೆ ಕೋಲು ಹಿಡಿದು ಮೀನನ್ನು ದಣಿಸಬೇಕು, ಇನ್ನೊಬ್ಬ ಕೈಬಲೆ ಹಿಡಿದು ನೀರಿಗಿಳಿದು ಅದನ್ನು ಎತ್ತಿ ಕೊಡಬೇಕು. ನಿಯಮದೊಳಗೇ ಒಬ್ಬ ಆಳು ಇದ್ದಾನೆ, ನೋಡಿ! ನಮ್ಮ ಹುಡುಗನಿಗೆ ಆಳಿಲ್ಲ. ದೊರೆಯೂ ಅವನೇ, ಆಳೂ ಅವನೇ. ಅವನಪ್ಪ, ಅವನ ತಾತ ಬಿದಿರು ಕೋಲಿನಿಂದ ಮೀನನ್ನು ಸೀದಾ ದಡಕ್ಕೆ ಎತ್ತಿ ಎಸೆದವರು. ಕೋಲು ಎಂದು ಮಾರಿದ ಮೇಲೆ ಅವನು ಅದನ್ನು ಕೋಲಿನ ಹಾಗೆಯೇ ಬಳಸಿದ. ಇದನ್ನು ದುರ್ಬಳಕೆ ಅನ್ನುವುದಾದರೆ, ಮಾರುವವನು ಮಾರುವ ಮೊದಲು ಹೇಳಬೇಕಿತ್ತು. ಕೋಲಿನ ಮೇಲೆ ಏನೋ ಬರೆದಿತ್ತು ನಿಜ. ಎಲ್ಲವೂ ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ.

ಇದರ ಪಕ್ಕದಲ್ಲಿ ಹಳ್ಳಿಯ ಇನ್ನೊಂದು ಮುರಿತವನ್ನು ಇಟ್ಟು ನೋಡಬೇಕು. ಕಪಿಲೆ ಬಾವಿಗಳಿದ್ದ ಕಾಲ. ಎತ್ತುಗಳು ಇಳಿಜಾರಿನಲ್ಲಿ ಎಳೆದಾಗ ತೊಗಲಿನ ಚೀಲದಲ್ಲಿ ನೀರು ಮೇಲೆ ಬರುತ್ತಿತ್ತು. ಆ ಚೀಲ, ಆ ಮಿಣಿ, ಎತ್ತಿನ ಬಾರು, ಗೌಡರ ಕಾಲಿನ ಮೆಟ್ಟು ಎಲ್ಲವೂ ಮಾದಿಗರ ಕೈಯಲ್ಲಿ ಆದದ್ದು. ಪ್ರತಿಫಲವಾಗಿ ಸುಗ್ಗಿಯಲ್ಲಿ ಕಣದ ಆಯ, ಅದೂ ರಾಶಿ ಪೂಜೆ ಮುಗಿದು ಎಲ್ಲರದೂ ಆದ ಮೇಲೆ. ಮಿಣಿ ಕಿತ್ತರೆ ಏನಾಗುತ್ತಿತ್ತು? ನಮ್ಮ ಹಿರಿಯರು ಹೇಳುತ್ತಿದ್ದುದು ನಮಗೆ ನೆನಪಿದೆ. ಹೊತ್ತು ಗೊತ್ತಿಲ್ಲದೆ ಕೇರಿಗೆ ಆಳು ಬರುತ್ತಿದ್ದ. 'ಏನ್ಲಾ ಮಾಡಿದ್ದೀಯ, ಮಿಣಿ ಕಿತ್ತೋಯ್ತು, ಬಾ ಬೇಗ.' ಉಣ್ಣುತ್ತಿದ್ದ ಮುದ್ದೆ ಬಿಟ್ಟು ಎದ್ದು ಹೋಗಬೇಕು. ಬೈಗುಳ ಮೊದಲು, ರಿಪೇರಿ ಆಮೇಲೆ, ಕೂಲಿ ಇಲ್ಲವೇ ಇಲ್ಲ. 'ನಿಮ್ಮ ಎತ್ತು ಜೋರಾಗಿ ಎಳೀತು ಗೌಡ್ರೇ', 'ಮಿಣೀನ ಬಿಸಿಲಲ್ಲಿ ಬಿಟ್ಟಿದ್ರಿ ಗೌಡ್ರೇ' ಎಂದು ಹೇಳುವ ಬಾಯಿ ಯಾರಿಗಿತ್ತು? ಹದ ಮಾಡುವಾಗಿನ ತಪ್ಪೋ, ಬಳಸಿದ ತಪ್ಪೋ ಎಂಬ ವಿಚಾರಣೆಯೇ ಇಲ್ಲ. ತಯಾರಿಸಿದವನು ಜೀವಮಾನವಿಡೀ ಹೊಣೆ, ಅವನ ಮಗನೂ ಹೊಣೆ. ಜಗತ್ತಿನ ಯಾವ ಕಂಪನಿಯೂ ಇಂಥ ವಾರಂಟಿ ಕೊಟ್ಟಿಲ್ಲ.

ಅದೇ ಊರಿನಲ್ಲಿ, ಅದೇ ದಿನ, ಜೀತದಾಳಿನ ಕೈಯಲ್ಲಿ ನೊಗ ಮುರಿದರೆ? ಆಗ ಬಡಗಿಯನ್ನಾಗಲಿ ಮರವನ್ನಾಗಲಿ ಯಾರೂ ಕೇಳುತ್ತಿರಲಿಲ್ಲ. ಮುರಿದವನು ಜೀತದವನು. ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಸಾಲು ಹೆಚ್ಚಾಗುತ್ತಿತ್ತು, ಸಾಲ ಇನ್ನೊಂದು ಸುಗ್ಗಿಗೆ ಬೆಳೆಯುತ್ತಿತ್ತು.

ನಾವು ಮಾಡಿ ಅವರು ಬಳಸಿದರೆ ತಪ್ಪು ಮಾಡಿದವನದು. ಅವರದನ್ನು ನಾವು ಬಳಸಿದರೆ ತಪ್ಪು ಬಳಸಿದವನದು. ಎರಡು ಸಿದ್ಧಾಂತ, ತೀರ್ಪು ಒಂದೇ. ಅಂಗಡಿಯವನು 'ನಿನ್ನ ಕೈ ಸರಿಯಿಲ್ಲ' ಅಂದಾಗ ಅವನಿಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಈ ಹಳೆಯ ಪುಸ್ತಕವನ್ನೇ ತೆಗೆದು ಓದಿದ. ನೀರು ಹಾಳಾಗುವ, ದೇವರು ಮೈಲಿಗೆಯಾಗುವ ಕೈ ಎಂದು ಕೇಳಿ ಕೇಳಿ ಬೆಳೆದವರಿಗೆ ಆ ಮಾತು ಬರೀ ಗಾಳ ಹಿಡಿಯುವ ಕೈಯ ಬಗ್ಗೆ ಅಂತ ಅನ್ನಿಸುವುದಿಲ್ಲ.

ಇದಕ್ಕೊಂದು ದೊಡ್ಡ ತತ್ವಶಾಸ್ತ್ರವನ್ನೂ ಕಟ್ಟಿಕೊಟ್ಟಿದ್ದಾರಲ್ಲ. ಕರ್ಮ ಸಿದ್ಧಾಂತ. ಸೃಷ್ಟಿ ಮಾಡಿದವನಲ್ಲಿ ದೋಷವೇ ಇಲ್ಲ, ನಿನ್ನ ಬದುಕು ಮುರಿದಿದ್ದರೆ ಹಿಂದಿನ ಜನ್ಮದಲ್ಲಿ ನೀನು ಅದನ್ನು ಸರಿಯಾಗಿ ಬಳಸಲಿಲ್ಲ. ರಸೀದಿ ತೋರಿಸು ಅಂದರೆ ಹಿಂದಿನ ಜನ್ಮಕ್ಕೆ ಹೋಗಬೇಕು! ತಯಾರಕನಿಗೆ ಇಷ್ಟು ಅನುಕೂಲವಾದ ವಾರಂಟಿ ಚೀಟಿಯನ್ನು ಯಾವ ವಕೀಲನೂ ಬರೆಯಲಾರ.

ಪಶ್ಚಿಮದ ಕಾನೂನೂ ಬಹಳ ಕಾಲ ಹೀಗೇ ಇತ್ತು. 1842ರಲ್ಲಿ ಇಂಗ್ಲೆಂಡಿನಲ್ಲಿ ಅಂಚೆ ಗಾಡಿ ಹೊಡೆಯುವವನೊಬ್ಬ ಗಾಡಿ ಮುರಿದು ಬಿದ್ದು ಜೀವನಪೂರ್ತಿ ಕುಂಟನಾದ. ಗಾಡಿಯನ್ನು ಸುಸ್ಥಿತಿಯಲ್ಲಿ ಇಡುವೆನೆಂದು ಗುತ್ತಿಗೆ ಹಿಡಿದವನ ಮೇಲೆ ಅವನು ದಾವೆ ಹೂಡಿದ. ಕೋರ್ಟು ಹೇಳಿದ್ದು: ಅವನ ಕರಾರು ಅಂಚೆ ಇಲಾಖೆಯ ಜೊತೆ, ನಿನ್ನ ಜೊತೆಯಲ್ಲ, ಇಂಥವನ್ನು ಒಪ್ಪಿದರೆ ದಾವೆಗಳಿಗೆ ಕೊನೆಯೇ ಇರುವುದಿಲ್ಲ. ದುಡ್ಡು ಕೊಟ್ಟವನಿಗೆ ಮಾತ್ರ ನ್ಯಾಯ, ಮೈ ಕೊಟ್ಟವನಿಗಿಲ್ಲ. 1916ರಲ್ಲಿ ನ್ಯೂಯಾರ್ಕಿನ ಕೋರ್ಟು ಇದನ್ನು ತಿರುಗಿಸಿತು. ಕಾರಿನ ಮರದ ಚಕ್ರ ಪುಡಿಯಾಗಿ ಒಬ್ಬನಿಗೆ ಪೆಟ್ಟಾಗಿತ್ತು. ಚಕ್ರವನ್ನು ನಾವು ಬೇರೆಯವರಿಂದ ಕೊಂಡದ್ದು ಎಂದು ಕಾರು ಕಂಪನಿ ಹೇಳಿತು. ಪರೀಕ್ಷೆ ಮಾಡಬಹುದಾಗಿದ್ದ ನೀನೇ ಹೊಣೆ ಎಂದಿತು ಕೋರ್ಟು. 1932ರಲ್ಲಿ ಬ್ರಿಟನ್ನಿನಲ್ಲಿ ಬಂದದ್ದು ಶುಂಠಿ ಪಾನೀಯದ ಬಾಟಲಿಯೊಳಗಿನ ಬಸವನಹುಳದ ಮೊಕದ್ದಮೆ. ಹೂಡಿದವಳು ಸ್ಕಾಟ್ಲೆಂಡಿನ ಬಡ ಹೆಂಗಸು, ಕೋರ್ಟಿನ ಖರ್ಚು ಭರಿಸಲಾರದೆ ನಿರ್ಗತಿಕಳೆಂದು ಬರೆದುಕೊಟ್ಟು ವಾದ ಮುಂದುವರಿಸಿದವಳು. ಆ ತೀರ್ಪಿನಲ್ಲಿ ನ್ಯಾಯಾಧೀಶ ಆಟ್ಕಿನ್ 'ನನ್ನ ನೆರೆಯವನು ಯಾರು' ಎಂಬ ಬೈಬಲಿನ ಪ್ರಶ್ನೆಯನ್ನು ಕಾನೂನಿನೊಳಕ್ಕೆ ತಂದ. ನನ್ನ ಕೆಲಸದಿಂದ ಯಾರಿಗೆ ಪೆಟ್ಟಾಗಬಹುದೋ ಅವರೆಲ್ಲ ನನ್ನ ನೆರೆಯವರು ಎಂಬುದು ಅದರ ತಾತ್ಪರ್ಯ. ಕೇರಿಯನ್ನು ಊರ ಹೊರಗೆ ಇಟ್ಟವರು ಉತ್ತರ ಕೊಡಬೇಕಾದ ಪ್ರಶ್ನೆ ಇದು.

ಕೂಲಿಯವನ ಉಪಕರಣಕ್ಕೆ ಈ ನ್ಯಾಯ ಬರಲು ಇನ್ನೂ ತಡವಾಯಿತು. ಕಾರ್ಖಾನೆಯೊಂದರಲ್ಲಿ ಉಳಿಯಂಥ ಒಂದು ಉಪಕರಣದ ಚೂರು ಸಿಡಿದು ಕೆಲಸಗಾರನ ಕಣ್ಣು ಹೋಯಿತು. ಒಳ್ಳೆಯ ಕಂಪನಿಯಿಂದಲೇ ಕೊಂಡದ್ದು, ಒಳಗಿನ ದೋಷ ನಮಗೆ ಕಾಣುವಂತಿರಲಿಲ್ಲ ಎಂದ ಮಾಲೀಕನನ್ನು 1959ರಲ್ಲಿ ಬ್ರಿಟನ್ನಿನ ಅತಿ ದೊಡ್ಡ ಕೋರ್ಟು ಬಿಟ್ಟುಬಿಟ್ಟಿತು. ಅದನ್ನು ಸರಿಪಡಿಸಲು 1969ರಲ್ಲಿ ಬೇರೆ ಕಾಯಿದೆಯೇ ಬೇಕಾಯಿತು. ಹತ್ತು ವರ್ಷ.

ನಮ್ಮಲ್ಲಿ? ಒಕ್ಕಣೆ ಯಂತ್ರಗಳು ಕೂಲಿಗಳ ಕೈ ನುಂಗುತ್ತಿದ್ದ ಕಾಲದಲ್ಲಿ ಕುಡಿದಿದ್ದ, ತೂಕಡಿಸುತ್ತಿದ್ದ ಎಂದು ಹೇಳುವುದು ಸುಲಭವಾಗಿತ್ತು. ರಾತ್ರಿಯಿಡೀ ತೆನೆ ಕೊಟ್ಟವನು ತೂಕಡಿಸದೆ ಇರುತ್ತಾನಾ? 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ಬಂತು, ತಯಾರಿಸುವವರ ಮೇಲೂ ಕರ್ತವ್ಯ ಹೊರಿಸಿತು. ಅದರ ಹಿಂದಿನ ತಿಳಿವಳಿಕೆ ಸರಳ. ತೆನೆ ಕೊಡುವ ಬಾಯಿಯನ್ನು ಕೈ ತಲುಪದಷ್ಟು ಉದ್ದ ಮಾಡಿ, ಮೇಲೆ ಮುಚ್ಚಿ ಕಟ್ಟಿದರೆ ತೂಕಡಿಸಿದವನ ಕೈಯೂ ಉಳಿಯುತ್ತದೆ. ಅಂದರೆ ಎಚ್ಚರವಾಗಿರುವವನನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ವಸ್ತು ಮಾಡಿದರೆ ಸಾಲದು, ದಣಿದ ಕೈಯನ್ನೂ ಓದು ಬಾರದ ಕಣ್ಣನ್ನೂ ನೆನೆದು ಮಾಡಬೇಕು. 'ಬಳಸಿದವನ ತಪ್ಪು' ಎನ್ನುವ ಮಾತಿಗೆ ನಮ್ಮ ಮುಖ್ಯ ತಕರಾರು ಇದೇ. ಮುಂಚೆಯೇ ಊಹಿಸಬಹುದಾದ ತಪ್ಪು ಬಳಸಿದವನದು ಮಾತ್ರ ಹೇಗಾಗುತ್ತದೆ?

ಮ್ಯಾನ್‌ಹೋಲಿನ ಸಾವುಗಳಲ್ಲಿ ಇದೇ ಮಾತು ರಕ್ತ ಕಾರುತ್ತದೆ. 'ಗವಸು ಕೊಟ್ಟಿದ್ದೆವು, ಹಾಕಿಕೊಳ್ಳಲಿಲ್ಲ. ಇಳೀಬೇಡ ಅಂದಿದ್ದೆವು, ಇಳಿದ.' ಮಲ ಹೊರುವುದನ್ನೂ ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸುವುದನ್ನೂ ನಿಷೇಧಿಸಿದ ಕಾಯಿದೆ ಬಂದದ್ದು 2013ರಲ್ಲಿ. ಸುಪ್ರೀಂ ಕೋರ್ಟು 2014ರಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಎಂದಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿದೆ, 'ಇಳಿದ' ಎನ್ನುವ ಕ್ರಿಯಾಪದ ಇನ್ನೂ 'ಇಳಿಸಿದರು' ಆಗಿಲ್ಲ.

ಗ್ರಾಹಕರ ಕಾಯಿದೆ 1986ರಲ್ಲಿ ಬಂತು, 2019ರಲ್ಲಿ ಹೊಸದಾಯಿತು. ಹಳ್ಳಿ ಮೇಷ್ಟ್ರುಗಳು ಇದರ ಕೆಲವು ಮಾತು ತಿಳಿದಿಟ್ಟುಕೊಂಡರೆ ಒಳ್ಳೆಯದು. ಬಳಸುವವನಿಗೆ ಸರಿಯಾದ ಸೂಚನೆ, ಎಚ್ಚರಿಕೆ ಕೊಡದೆ ಮಾರಿದ ವಸ್ತುವಿನಿಂದ ಹಾನಿಯಾದರೆ ತಯಾರಕ ಹೊಣೆ. ಹೊಟ್ಟೆಪಾಡಿಗಾಗಿ ತಾನೇ ದುಡಿಯಲು ಕೊಂಡ ಸಲಕರಣೆಯಾದರೆ 'ವ್ಯಾಪಾರಕ್ಕೆ ಕೊಂಡದ್ದು' ಎಂದು ತಳ್ಳಿಹಾಕುವಂತಿಲ್ಲ. ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು, ವಕೀಲ ಇಲ್ಲದೆಯೂ ನಡೆಯುತ್ತದೆ, ಸಣ್ಣ ಬೆಲೆಯ ವಸ್ತುವಿಗೆ ಶುಲ್ಕವಿಲ್ಲ. ಆದರೆ ಕಾಯಿದೆಯ ಒಳಗೂ ಕೊಕ್ಕೆಗಳಿವೆ. ತಯಾರಕನ ಹೊಣೆಯ ಅಧ್ಯಾಯದಲ್ಲಿ 'ಹಾನಿ' ಎಂದರೆ ಮೈಗೆ, ಮನಸ್ಸಿಗೆ, ಬೇರೆ ಆಸ್ತಿಗೆ ಆದದ್ದು. ಆ ವಸ್ತು ತಾನೇ ಮುರಿದದ್ದು ಅಲ್ಲಿ ಲೆಕ್ಕಕ್ಕಿಲ್ಲ, ಅದಕ್ಕೆ ದೋಷವುಳ್ಳ ಸರಕು ಎಂದು ಬೇರೆ ದೂರು ಕೊಡಬೇಕು. ತಪ್ಪಾಗಿ ಬಳಸಿದ್ದ ಎಂದು ತೋರಿಸಿದರೆ ಕಂಪನಿ ಪಾರಾಗಬಹುದು. ದೋಷ ಕಣ್ಣಿಗೆ ಕಾಣದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಅದರ ಖರ್ಚನ್ನು ಮೊದಲು ಕಟ್ಟು ಎಂದು ದೂರು ಕೊಟ್ಟವನನ್ನೇ ಕೇಳಬಹುದು. 1,800 ರೂಪಾಯಿಯ ಕೋಲಿನ ಒಡಲು ಬಗೆದು ನೋಡುವುದಕ್ಕೆ ಮೂರು ದಿನದ ಕೂಲಿಯವನು ಎಷ್ಟು ದಿನದ ಕೂಲಿ ಕಟ್ಟಬೇಕು? ಕಾರ್ಖಾನೆ, ಅಳತೆ, ಪರೀಕ್ಷೆಯ ಯಂತ್ರ, ಮುರಿದು ವಾಪಸು ಬಂದ ಕೋಲುಗಳ ಲೆಕ್ಕ ಎಲ್ಲ ಇರುವುದು ಕಂಪನಿಯ ಹತ್ತಿರ. ತಿಳಿವಳಿಕೆ ಯಾರ ಹತ್ತಿರ ಇದೆಯೋ ರುಜುವಾತು ಅವನ ತಲೆಯ ಮೇಲಿರಬೇಕು. 'ನಿನ್ನ ಕೈ ಸರಿಯಿಲ್ಲ' ಅನ್ನುವವನು ಅದನ್ನು ತೋರಿಸಲಿ.

ಒಂದು ಕಡೆ ನಾವೇ ತಡವರಿಸಿದೆವು. ತಯಾರಕ ಹೊಣೆ ಎಂದು ಗಟ್ಟಿಯಾಗಿ ಕೂಗಿದರೆ ಕಲ್ಲು ಬೀಳುವುದು ಯಾರ ಮೇಲೆ? ಕಂಪನಿ ತಡೆದುಕೊಳ್ಳುತ್ತದೆ, ವಕೀಲರನ್ನಿಡುತ್ತದೆ. ಬಿದಿರು ಸೀಳುವ ಮೇದರು, ಕುಲುಮೆಯ ಕಮ್ಮಾರರು, ಬಸ್‌ಸ್ಟ್ಯಾಂಡಿನ ಚಪ್ಪಲಿ ಹೊಲಿಯುವವರು ತಡೆದುಕೊಳ್ಳುತ್ತಾರಾ? ನಾಚಿಕೆಯ ವಿಷಯವೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮಲ್ಲೇ ಒಬ್ಬರು, ಸಂಬಳದ ಮೇಷ್ಟ್ರು, ಹೊಲಿಸಿದ ಚಪ್ಪಲಿ ವಾರದೊಳಗೆ ಕಿತ್ತಿತು ಎಂದು ಆ ಮುದುಕನ ಮೇಲೆ ರೇಗಿ ಇಪ್ಪತ್ತು ರೂಪಾಯಿ ವಾಪಸು ಇಸಕೊಂಡು ಬಂದರು. ಅದೇ ಮೇಷ್ಟ್ರು ಕಂಪನಿಯ ಬೂಟು ಎರಡು ತಿಂಗಳಿಗೆ ಬಾಯಿ ಬಿಟ್ಟಾಗ ಅಂಗಡಿಗೆ ಹೋಗಲೇ ಇಲ್ಲ. ಯಾಕೆಂದರೆ 'ಅವರು ಏನೂ ಮಾಡಲ್ಲ ಬಿಡಿ'. ಗೌಡರ ಮಿಣಿಯ ನ್ಯಾಯ ನಮ್ಮ ಕೈಗೂ ಅಂಟಿದೆ. ಎಟಕುವವನನ್ನು ಹಿಡಿಯುತ್ತೇವೆ, ಎಟಕದವನನ್ನು ಬಿಡುತ್ತೇವೆ.

ಆದ್ದರಿಂದ ಹೊಣೆ ಎಲ್ಲರಿಗೂ ಒಂದೇ ತೂಕ ಅಲ್ಲ ಎಂದು ನಾವು ವಾದಿಸುತ್ತೇವೆ. ಎಷ್ಟು ಗೊತ್ತಿತ್ತೋ ಅಷ್ಟು, ಎಷ್ಟು ಲಾಭ ಪಡೆದನೋ ಅಷ್ಟು, ಏನು ಹೇಳಿ ಮಾರಿದನೋ ಅಷ್ಟು. ಮೇದರ ತಾತನೊಬ್ಬನನ್ನು ಕೇಳಿದೆವು: 'ತಾತ, ನೀನು ಕೊಟ್ಟ ಕೋಲು ಮುರಿದರೆ?' ತಾತ ಕೈಯಲ್ಲಿದ್ದ ಬಿದಿರನ್ನು ಬಾಗಿಸಿ ತೋರಿಸಿ, 'ಇದು ಎಳೇದು, ಇಷ್ಟೇ ಬಾಗ್ತದೆ, ಇದರಲ್ಲಿ ಸಣ್ಣ ಮೀನು ಹಿಡೀರಿ. ದೊಡ್ಡದಕ್ಕೆ ಬಲಿತದ್ದು ಕೊಡ್ತೀನಿ. ಮುರಿದರೆ ತನ್ನಿ, ಎಲ್ಲಿ ಮುರೀತು ನೋಡಾನ' ಅಂದ. ಅವನು ಕೊಂಡವನ ಭಾಷೆಯಲ್ಲಿ ಎಚ್ಚರಿಕೆ ಹೇಳಿದ, ಮುರಿದದ್ದನ್ನು ಕೈಗೆ ತೆಗೆದುಕೊಂಡು ನೋಡುತ್ತೇನೆ ಅಂದ. ಇಷ್ಟನ್ನು ಕೇಳಿದರೆ ಕಾರ್ಖಾನೆಯವರು ಅಸಾಧ್ಯ ಅನ್ನುತ್ತಾರೆ.

ಸುಳ್ಳು ಹೇಳುವ ಗಿರಾಕಿಗಳೂ ಇದ್ದಾರೆ. ಕಾರಿನ ಬಾಗಿಲಿಗೆ ಸಿಕ್ಕಿಸಿ ಮುರಿದುಕೊಂಡು ಮೀನು ಎಳೀತು ಅನ್ನುವವರು. ಇರಲಿ. ಕೆಲವರು ಸುಳ್ಳು ಹೇಳುತ್ತಾರೆಂದು ಎಲ್ಲರನ್ನೂ ಸುಳ್ಳರೆಂದು ಹಿಡಿಯುವ ಪದ್ಧತಿ ಕೇರಿಯವರಿಗೆ ಹೊಸದಲ್ಲ.

ಇನ್ನೊಂದು ಮಾತು, ಇದು ಕೋಲು ಮುರಿಯುವುದಕ್ಕಿಂತ ದೊಡ್ಡದು. ಕಾರ್ಬನ್ ವಿದ್ಯುತ್ತನ್ನು ಹಾಯಿಸುತ್ತದೆ. ನಮ್ಮ ಕೆರೆ ಏರಿಯ ಮೇಲೆ, ಪಂಪ್‌ಸೆಟ್ಟಿನ ಕಡೆ, ಕರೆಂಟಿನ ತಂತಿ ಜೋತುಬಿದ್ದಿದೆ. ಉದ್ದದ ಕಾರ್ಬನ್ ಕೋಲನ್ನು ಅದರ ಕೆಳಗೆ ಎತ್ತಿದರೆ ಮುರಿಯುವುದು ಕೋಲಲ್ಲ. ಬೇರೆ ದೇಶಗಳಲ್ಲಿ ಹೀಗೆ ಸತ್ತವರಿದ್ದಾರೆ. ಹುಡುಗ ತಂದ ಕೋಲಿನ ಬುಡದಲ್ಲಿದ್ದ ಇಂಗ್ಲಿಷ್ ಇರುವೆ ಸಾಲನ್ನು ನಾವು ಭೂತಗನ್ನಡಿ ಹಿಡಿದು ಓದಿದೆವು. ಅಲ್ಲಿ ಇದೇ ಬರೆದಿತ್ತು. ಎರಡು ಸಂಜೆ ಆ ಕೋಲನ್ನು ಅವನು ಆ ಏರಿಯ ಮೇಲೆಯೇ ಎಲ್ಲರ ಕೈಗೂ ಕೊಟ್ಟಿದ್ದ, ಅವರಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳೂ ಇದ್ದರು. ಈ ಪತ್ರಿಕೆ ಓದುವ ಮೇಷ್ಟ್ರುಗಳು ನಾಳೆಯೇ ಇದನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಯಬೇಕು. ಕಂಪನಿ ಬರೆಯುವವರೆಗೆ ಕಾಯುವುದು ಬೇಡ.

ದೂರಿನ ಅರ್ಜಿ ಬರೆದಾಗಿದೆ. ಅಂಗಡಿಯವನು ರಸೀದಿ ಕೊಟ್ಟಿರಲಿಲ್ಲ, ಹುಡುಗ ಕೇಳಿರಲೂ ಇಲ್ಲ. ಫೋನಿನಲ್ಲಿ ದುಡ್ಡು ಕಳಿಸಿದ್ದರ ಗುರುತು ಇದೆ, ಅದನ್ನೇ ಲಗತ್ತಿಸಿದ್ದೇವೆ. ತುಂಡುಗಳು ಶಾಲೆಯ ಬೀರುವಿನಲ್ಲಿವೆ. ಪರೀಕ್ಷೆಗೆ ಕಳಿಸಬೇಕಾಗಬಹುದು ಎಂದು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: 'ವಾಪಸ್ ಕೊಡ್ತಾರಾ ಸಾ? ಬುಡದ ತುಂಡು ಗಟ್ಟಿಯಾಗೇ ಐತೆ, ತಾತನ ಹತ್ರ ಬಿದಿರಿನ ತುದಿ ಕಟ್ಟಿಸ್ಕಬೋದು.'